ಕೊಲೆಯಾದ ಮೇಲಿನ ಊರು: ಅಪರಾಧ ಕಾದಂಬರಿ ಬರೆಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾನು ಬರೆದ ಮೊದಲ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಇನ್ನೂ ಬೀರುವಿನಲ್ಲೇ ಇದೆ. ಅದರಲ್ಲಿ ಒಬ್ಬ ಜಾಣ ಇನ್‌ಸ್ಪೆಕ್ಟರ್ ಇದ್ದ, ಐದು ಜನ ಶಂಕಿತರಿದ್ದರು. 180ನೇ ಪುಟದಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಿದ್ದ. ಓದಿ ಹೇಳಲಿ ಅಂತ ಅತ್ತಿಗೆಗೆ ಕೊಟ್ಟೆ. ಎರಡೇ ದಿನದಲ್ಲಿ ಮುಗಿಸಿ ವಾಪಸ್ ಕೊಟ್ಟರು. "ಚೆನ್ನಾಗಿದೆ. ಆದ್ರೆ ಸತ್ತೋನ ಹೆಂಡ್ತಿ ಆಮೇಲೆ ಏನ್ಮಾಡಿದ್ಲು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹೆಂಗಸು ನನ್ನ ಕಾದಂಬರಿಯಲ್ಲಿ ಎರಡು ಸಲ ಅತ್ತಿದ್ದಳು, ಅಷ್ಟೇ. ಅವಳಿಗೆ ಹೆಸರೂ ಇಟ್ಟಿರಲಿಲ್ಲ.

ಈ ಮಾರ್ಗದರ್ಶಿ ಆ ಪ್ರಶ್ನೆಯಿಂದ ಹುಟ್ಟಿದ್ದು. ಯಾರು ಕೊಂದರು ಅನ್ನುವುದನ್ನು 30ನೇ ಪುಟದಲ್ಲೇ ಹೇಳಿಬಿಟ್ಟರೂ ಓದುಗ ಪುಸ್ತಕ ಕೆಳಗಿಡದಂಥ ಕಥೆ ಬರೆಯುವುದು ಹೇಗೆ? ಕೊಲೆಯಾದ ಮರುದಿನದಿಂದ ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಮನೆಯ ನೀರು ಯಾರು ಕುಡಿಯಲಿಲ್ಲ, ಹಾಲು ಡೈರಿಯಲ್ಲಿ ಸಾಲು ಹೇಗೆ ಬದಲಾಯಿತು, ನಾವು ಬರೆಯಬೇಕಾದ ಕಥೆ ಅದು.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಊರು ಮಂಡ್ಯ ಜಿಲ್ಲೆಯಲ್ಲಿ, ಹಿಂದೆ ಇರ್ವಿನ್ ನಾಲೆ ಅನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಊರೂ ಜನರೂ ನನ್ನ ಕಲ್ಪನೆ. ಶಿವಣ್ಣನಿಗೆ 46 ವರ್ಷ. ಹೆಂಡತಿ ಸಾಕಮ್ಮ, ಪಿಯುಸಿ ಓದುವ ಮಗಳು ಚೈತ್ರ, ಹತ್ತು ವರ್ಷದ ಮಗ ಮನು. ಒಂದು ಸಂಜೆ ತೂಬಿನ ಹತ್ತಿರ, ಗದ್ದೆಗೆ ನೀರು ತಿರುಗಿಸುವ ಹೊತ್ತಿನಲ್ಲಿ, ದೊಡ್ಡಪ್ಪನ ಮಗ ಮರಿಗೌಡ ಗುದ್ದಲಿಯಲ್ಲಿ ಹೊಡೆದ. ಶಿವಣ್ಣ ಅಲ್ಲೇ ಸತ್ತ.

ಹಂತ 1: ಕೊಲೆಗಾರನಿಗಿಂತ ಮೊದಲು ಸತ್ತವನನ್ನು ಹುಟ್ಟಿಸಿ

ಸಾಮಾನ್ಯವಾಗಿ ನಾವು ಹೆಣದಿಂದ ಶುರು ಮಾಡುತ್ತೇವೆ. ಹೆಣಕ್ಕೆ ಗಾಯ ಇರುತ್ತದೆ, ಬದುಕು ಇರುವುದಿಲ್ಲ. ಹಾಗಾಗಿ ಮೊದಲು ಒಂದು ಪಟ್ಟಿ ಮಾಡಿ: ಈ ಮನುಷ್ಯ ಸತ್ತರೆ ನಾಳೆ ಬೆಳಗ್ಗೆಯಿಂದ ಏನೇನು ನಿಂತುಹೋಗುತ್ತದೆ? ಇಪ್ಪತ್ತು ಸಾಲು ಆಗುವವರೆಗೆ ಏಳಬೇಡಿ.

ಶಿವಣ್ಣನ ಪಟ್ಟಿ ಸುಮಾರು ಹೀಗಿತ್ತು. ಎರಡು ಹಸು ಇವೆ, ಅದರಲ್ಲಿ ಒಂದು ಅವನ ಕೈಗೆ ಮಾತ್ರ ಹಾಲು ಕೊಡುತ್ತದೆ. ಡೈರಿಯ ಸದಸ್ಯತ್ವ ಅವನ ಹೆಸರಲ್ಲಿದೆ, ಬಟವಾಡೆ ಅವನ ಖಾತೆಗೇ ಬರುತ್ತದೆ. ಭಾವಮೈದುನನ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದಾನೆ. ಪಕ್ಕದ ಮನೆಯವರ ಪಂಪ್‌ಸೆಟ್ ತಂದಿದ್ದಾನೆ, ಹಿಂದಕ್ಕೆ ಕೊಟ್ಟಿಲ್ಲ. ಚೀಟಿ ಎತ್ತಿದ್ದಾನೆ, ಇನ್ನೂ ಏಳು ಕಂತು ಬಾಕಿ. ಚೈತ್ರಳನ್ನು ಬಸ್‌ಸ್ಟ್ಯಾಂಡಿಗೆ ಬಿಡುವುದು ಅವನ ಬೈಕು. ಸಾಕಮ್ಮನಿಗೆ ಬೈಕ್ ಬರುವುದಿಲ್ಲ.

ಈ ಪಟ್ಟಿಯೇ ನಿಮ್ಮ ಕಥೆಯ ಬೀಜ. ಹದಿನೈದನೇ ದಿನ ಚೀಟಿಯವನು ಬಾಗಿಲಿಗೆ ಬಂದು, ಕೇಳುವುದೋ ಬೇಡವೋ ಗೊತ್ತಾಗದೆ ನಿಲ್ಲುತ್ತಾನಲ್ಲ, ಆ ಐದು ನಿಮಿಷ ಬರೆಯಿರಿ. ಗೋಳಾಟದ ದೃಶ್ಯ ಮೂರು ಪುಟ ಬರೆದರೂ ಅಷ್ಟು ತಟ್ಟುವುದಿಲ್ಲ.

ಇನ್ನೊಂದು ಮಾತು. ಸತ್ತವನನ್ನು ದೇವರಂಥ ಮನುಷ್ಯ ಮಾಡಬೇಡಿ. ಶಿವಣ್ಣ ಕುಡಿದಾಗ ಹೆಂಡತಿಗೆ ಹೊಡೆಯುತ್ತಿದ್ದ ಅಂತಿಟ್ಟುಕೊಳ್ಳಿ. ಈಗ ಸಾಕಮ್ಮನ ದುಃಖಕ್ಕೆ ಒಂದು ಗಂಟು ಬಿತ್ತು. ಅವಳು ಅಳುವಾಗ ನೋಡುವವರ ಮನಸ್ಸಿನಲ್ಲಿ ಏನಿದೆ ಅನ್ನುವುದು ಅವಳಿಗೂ ಗೊತ್ತು.

ಹಂತ 2: ಕಾರಣ ಚಿಕ್ಕದಿರಲಿ, ಹಳೆಯದಿರಲಿ

ಕೋಟಿಗಟ್ಟಲೆ ಆಸ್ತಿ, ಗುಪ್ತ ಉಯಿಲು, ಅವಳಿ ಸಹೋದರ ಇವೆಲ್ಲ ಬೇಡ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಅದರಲ್ಲಿ 9,962ಕ್ಕೆ ಕಾರಣ ಜಗಳ, ತಕರಾರು. ಹಣ ಅಥವಾ ಲಾಭಕ್ಕಾಗಿ ಆದದ್ದು 1,884 ಮಾತ್ರ. ಅಂದರೆ ಕೊಲೆ ಅನ್ನುವುದು ಬಹಳ ಸಲ ಬದುವಿನ ಮೇಲೆ, ಚರಂಡಿಯ ಮೇಲೆ, ಕುಡಿದ ಮಾತಿನ ಮೇಲೆ ಆಗುತ್ತದೆ.

ನಮ್ಮ ಉದಾಹರಣೆಯಲ್ಲಿ ಕಾರಣ ನೀರಿನ ಸರದಿ. ಆದರೆ ಅದು ಮೇಲಿನ ಪದರ. ಕೆಳಗೆ ಪಹಣಿ, ಅಂದರೆ ಜಮೀನಿನ ದಾಖಲೆ ಇದೆ. ತಾತ ಸತ್ತು ಮೂವತ್ತು ವರ್ಷ ಆದರೂ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲ, ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ. ಬಾಯಿಮಾತಿನಲ್ಲಿ ಭಾಗ ಆಗಿದೆ, ಸರ್ವೆ ಮಾಡಿಸಿ ಬೇರೆ ಬೇರೆ ನಂಬರ್ ಮಾಡುವ ಪೋಡಿ ಆಗಿಲ್ಲ. ಪ್ರತಿ ಮಳೆಗಾಲದಲ್ಲಿ ಬದು ಅರ್ಧ ಅಡಿ ಆ ಕಡೆಗೋ ಈ ಕಡೆಗೋ ಸರಿಯುತ್ತದೆ. ಅದಕ್ಕೂ ಕೆಳಗೆ ಇನ್ನೊಂದು ಪದರ: ಶಿವಣ್ಣನ ಅವ್ವ ಬೇಗ ತೀರಿಕೊಂಡಿದ್ದರಿಂದ ಮರಿಗೌಡನ ತಾಯಿ ಕೆಂಪಮ್ಮನೇ ಇಬ್ಬರನ್ನೂ ಸಾಕಿದ್ದು. ಯಾರಿಗೆ ಜಾಸ್ತಿ ಮೀನು ಬಡಿಸಿದಳು ಅನ್ನುವ ಲೆಕ್ಕ ಇಬ್ಬರ ಹೊಟ್ಟೆಯಲ್ಲೂ ಇದೆ.

ಹೀಗೆ ಮೂರು ಪದರ ಹಾಕಿ. ಪೊಲೀಸರಿಗೆ ಕಾಣುವುದು ಮೊದಲನೆಯದು. ಊರಿಗೆ ಗೊತ್ತಿರುವುದು ಎರಡನೆಯದು. ಮೂರನೆಯದು ಮನೆಯೊಳಗೇ ಇರುತ್ತದೆ, ಅದನ್ನು ಓದುಗನಿಗೆ ಮಾತ್ರ ಕೊಡಿ.

ಹಂತ 3: ನಕ್ಷೆ ಬರೆಯಿರಿ, ಆಮೇಲೆ ಸೂತಕ ಯಾರಿಗೆ ಅಂತ ಕೇಳಿ

ಒಂದು ದೊಡ್ಡ ಹಾಳೆ ತೆಗೆದುಕೊಂಡು ಊರಿನ ನಕ್ಷೆ ಹಾಕಿ. ಮನೆ, ಜಗಲಿ, ನಲ್ಲಿ, ಅರಳಿಕಟ್ಟೆ, ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ಲುವ ಜಾಗ. ಎರಡು ಮನೆಗಳ ನಡುವೆ ಗೋಡೆ ಒಂದೇನಾ? ಹಿತ್ತಿಲ ಬಾಗಿಲಿನಿಂದ ಹೋಗಿಬರುವ ದಾರಿ ಇದೆಯಾ? ಕೊಲೆಯಾದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಯಾರು ಮುಚ್ಚಿದರು, ಚಿಲಕ ಹಾಕಿದ್ದು ಯಾವ ಕಡೆಯಿಂದ ಅನ್ನುವುದನ್ನು ಬರೆಯುವಾಗ ನಕ್ಷೆ ಬೇಕಾಗುತ್ತದೆ.

ನಕ್ಷೆಯ ಮೇಲೆ ನೆಂಟಸ್ತಿಕೆಯ ಗೆರೆ ಎಳೆಯಿರಿ. ನಮ್ಮ ಊರುಗಳಲ್ಲಿ ಕೊಂದವನೂ ಸತ್ತವನೂ ಒಬ್ಬರಿಗೊಬ್ಬರು ಏನೋ ಆಗಿರುತ್ತಾರೆ. ಇಬ್ಬರಿಗೂ ಒಬ್ಬನೇ ಸೋದರಮಾವ ಇರಬಹುದು. ಬೀಗರು ಎರಡೂ ಮನೆಗೆ ಹೆಣ್ಣು ಕೊಟ್ಟಿರಬಹುದು. ಇಂಥವರು ಯಾವ ಮನೆಗೆ ಮೊದಲು ಹೋಗುತ್ತಾರೆ? ಅವರೇ ನಿಮ್ಮ ಒಳ್ಳೆಯ ಪಾತ್ರಗಳು, ಯಾಕೆಂದರೆ ಅವರು ಎಲ್ಲಿ ಕೂತರೂ ತಪ್ಪು.

ಈಗ ನನಗೆ ತುಂಬ ಇಷ್ಟವಾದ ಜಾಗ. ಮರಿಗೌಡ ಶಿವಣ್ಣನಿಗೆ ದಾಯಾದಿ. ದಾಯಾದಿಗಳಿಗೆ ಸೂತಕ ಇರುತ್ತದೆ. ಅಂದರೆ ಶಿವಣ್ಣ ಸತ್ತ ಸೂತಕ ಕೊಂದವನ ಮನೆಗೂ ಬಂತು! ಮರಿಗೌಡನ ಹೆಂಡತಿ ಜಯಮ್ಮ, ತನ್ನ ಗಂಡನೇ ಕೊಂದ ಶಿವಣ್ಣನಿಗಾಗಿ ಹನ್ನೊಂದು ದಿನ ದೇವರ ಮನೆ ಬಾಗಿಲು ಮುಚ್ಚಬೇಕು. ಒಗ್ಗರಣೆ ಹಾಕಬಾರದು. ಅವಳು ಸೂತಕ ಹಿಡಿದರೆ "ನಾಟಕ ನೋಡು" ಅನ್ನುತ್ತಾರೆ. ಹಿಡಿಯದಿದ್ದರೆ "ಎಷ್ಟು ಕೊಬ್ಬು" ಅನ್ನುತ್ತಾರೆ. ಮೂರನೇ ದಿನ ಹಾಲುತುಪ್ಪಕ್ಕೆ ಕೆಂಪಮ್ಮ ಬರಬಹುದಾ? ಅವಳು ಸಾಕಿದ ಮಗನ ಗುಡ್ಡೆಗೆ, ಹೆತ್ತ ಮಗ ಜೈಲಿನಲ್ಲಿರುವಾಗ? ಬಂದರೆ ಯಾರು ತಡೆಯುತ್ತಾರೆ? ನನ್ನ ಪ್ರಕಾರ ಇಡೀ ಕಾದಂಬರಿ ಈ ಒಂದು ಅಧ್ಯಾಯದ ಸುತ್ತ ಕಟ್ಟಬಹುದು.

ಇದು ಎಲ್ಲ ಕಡೆ ಒಂದೇ ಅಲ್ಲ. ಲಿಂಗಾಯತರಲ್ಲಿ ತತ್ವದ ಪ್ರಕಾರ ಸೂತಕವೇ ಇಲ್ಲ, ಹೂಳುವ ಕ್ರಮ ಬೇರೆ. ಕರಾವಳಿಯ ಕ್ರಮ ಬೇರೆ, ಮುಸ್ಲಿಂ ಮನೆಯ ಕ್ರಮ ಬೇರೆ. ನಿಮಗೆ ಗೊತ್ತಿರುವ ಮನೆಯದ್ದನ್ನೇ ಬರೆಯಿರಿ. ಗೊತ್ತಿಲ್ಲದಿದ್ದರೆ ಆ ಮನೆಯ ವಯಸ್ಸಾದ ಹೆಂಗಸರನ್ನು ಕೇಳಿ. ಗಂಡಸರಿಗೆ ಶಾಸ್ತ್ರ ಗೊತ್ತಿರುತ್ತದೆ. ಆ ದಿನ ಒಲೆ ಹಚ್ಚಿದ್ದು ಯಾರು ಅನ್ನುವುದು ಹೆಂಗಸರಿಗೇ ಗೊತ್ತಿರುವುದು.

ಹಂತ 4: ಕಾನೂನು ತಿಳಿದುಕೊಳ್ಳಿ, ಅದು ಮನೆಯನ್ನು ಮುಟ್ಟುವ ಕಡೆ ಮಾತ್ರ ಬಳಸಿ

ಈ ಹಂತ ಉದ್ದ. ಯಾಕೆಂದರೆ ನಮ್ಮ ಕಾದಂಬರಿಗಳು ಎಡವುವುದೇ ಇಲ್ಲಿ.

ಮೊದಲು ವರ್ಷ ಗೊತ್ತು ಮಾಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದಕ್ಕಿಂತ ಮೊದಲು ನಡೆದ ಕೊಲೆಗೆ ಹಳೆಯ ಭಾರತೀಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 302ನೇ ಸೆಕ್ಷನ್. ಆಮೇಲೆ ನಡೆದದ್ದಕ್ಕೆ ಹೊಸ ಸಂಹಿತೆಯ 103ನೇ ಸೆಕ್ಷನ್. ಶಿಕ್ಷೆ ಅದೇ: ಮರಣದಂಡನೆ ಅಥವಾ ಜೀವಾವಧಿ. ಆದರೆ ಅರಳಿಕಟ್ಟೆಯಲ್ಲಿ ಕೂತವರು ಈಗಲೂ "ತ್ರೀ ನಾಟ್ ಟು ಬೀಳುತ್ತೆ" ಅಂತಲೇ ಅನ್ನುತ್ತಾರೆ. ಮಾತಿನಲ್ಲಿ ಹಳೆಯದು, ಕಾಗದದಲ್ಲಿ ಹೊಸದು ಇರಲಿ.

ಮೊದಲ ರಾತ್ರಿ. ಕೊಲೆ ಆದದ್ದು ಸಂಜೆ. ರಾತ್ರಿಯೂ ಮರಣೋತ್ತರ ಪರೀಕ್ಷೆ ಮಾಡಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಹೇಳಿತು. ಆದರೆ ಕೊಲೆ, ಆತ್ಮಹತ್ಯೆಯಂಥ ಪ್ರಕರಣಗಳನ್ನು ಅದರಿಂದ ಹೊರಗಿಟ್ಟಿತು, ಕಾನೂನು ಸುವ್ಯವಸ್ಥೆಯ ತೊಂದರೆ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಶಿವಣ್ಣನ ದೇಹ ತಾಲ್ಲೂಕು ಆಸ್ಪತ್ರೆಯ ಶವಾಗಾರದಲ್ಲಿ ಬೆಳಗಿನವರೆಗೆ ಇರುತ್ತದೆ. ಹೊರಗೆ ಮರದ ಕೆಳಗೆ ಹತ್ತು ಹನ್ನೆರಡು ಜನ. ಯಾರೋ ಟೀ ತರುತ್ತಾರೆ. ಯಾರೋ ಕೋಪದಲ್ಲಿ ಊರಿಗೆ ಫೋನ್ ಹಚ್ಚುತ್ತಾರೆ. ಸಾಕಮ್ಮ ಮನೆಯಲ್ಲಿ, ಅವಳಿಗೆ ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ. ಈ ರಾತ್ರಿಯನ್ನು ಬಿಟ್ಟು ನೇರ ಬೆಳಗ್ಗೆಗೆ ಹಾರುವ ಕಾದಂಬರಿಕಾರರನ್ನು ಕಂಡರೆ ನನಗೆ ಬೇಜಾರು.

ಬೆಳಗ್ಗೆ ದೇಹ ಸಿಗುತ್ತದೆ, ಬಟ್ಟೆ ಸುತ್ತಿದ ಹಾಗೆಯೇ. ಮನೆಯ ಹೆಂಗಸರು ಎಂದಿನಂತೆ ಸ್ನಾನ ಮಾಡಿಸುವ ಹಾಗಿಲ್ಲ, ಹೊಲಿಗೆ ಇರುತ್ತದೆ. ಮುಖ ಮಾತ್ರ ತೋರಿಸುತ್ತಾರೆ.

ದೂರು ಯಾರು ಕೊಡುತ್ತಾರೆ? ಇದೊಂದು ದೊಡ್ಡ ತಿರುವು. ಎಫ್‌ಐಆರ್ ಆಗುವುದು ಯಾರಾದರೂ ಹೇಳಿದ ಮಾತಿನ ಮೇಲೆ. ಠಾಣೆಯ ಹೊರಗೆ ಒಬ್ಬ ಹಿರಿಯ ಶಿವಣ್ಣನ ತಮ್ಮನ ಕಿವಿಯಲ್ಲಿ ಹೇಳುತ್ತಾನೆ: "ಅವನೊಬ್ಬನ ಹೆಸರು ಸಾಕಾಗಲ್ಲ ಕಣೋ. ಅವನ ತಮ್ಮಂದಿರದೂ ಸೇರಿಸು." ತಮ್ಮಂದಿರು ಅಲ್ಲಿ ಇರಲೇ ಇಲ್ಲ. ಇದು ಎಲ್ಲರಿಗೂ ಗೊತ್ತು. ಆ ಎರಡು ಹೆಸರು ಬರೆದ ಕ್ಷಣದಿಂದ ನೊಂದ ಮನೆಯ ಮೇಲೂ ಒಂದು ಕಪ್ಪು ಚುಕ್ಕೆ. ಕೋರ್ಟಿನಲ್ಲಿ ವರ್ಷಗಳ ನಂತರ ಇದೇ ಸುಳ್ಳು ನಿಜವನ್ನೂ ಎಳೆದುಕೊಂಡು ಬೀಳಿಸಬಹುದು.

ಮಹಜರಿಗೆ, ಅಂದರೆ ಸ್ಥಳ ನೋಡಿ ಬರೆಯುವ ಪಟ್ಟಿಗೆ, ಪಂಚರು ಬೇಕು. ಪಿಎಸ್‌ಐ ಊರಿನವರನ್ನೇ ಕರೆಯುತ್ತಾರೆ. ಸಹಿ ಹಾಕಿದವನು ಮುಂದೆ ಸಾಕ್ಷಿಯಾಗಿ ಕಟಕಟೆ ಹತ್ತಬೇಕು. ಕರೆದ ಕೂಡಲೇ ಅರ್ಧ ಜನ ಸುಮ್ನೆ ಜಾಗ ಖಾಲಿ ಮಾಡುತ್ತಾರೆ. ಯಾರು ಹೋದರು, ಯಾರು ನಿಂತರು ಅಂತ ಬರೆಯಿರಿ. ಹೆದರಿಕೆ ಅನ್ನುವ ಪದವನ್ನೇ ಬಳಸಬೇಕಾಗಿಲ್ಲ.

ವಶಪಡಿಸಿಕೊಂಡ ವಸ್ತುವಿಗೆ ಠಾಣೆಯಲ್ಲಿ ಮುದ್ದೆಮಾಲು ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ರಾಗಿಮುದ್ದೆಯೇ ನೆನಪಾಗಿತ್ತು! ಶಿವಣ್ಣನ ಮೊಬೈಲು ಮುದ್ದೆಮಾಲು. ಅದರೊಳಗೆ ಚೈತ್ರಳ ಹುಟ್ಟುಹಬ್ಬದ ವಿಡಿಯೊ ಇದೆ, ಅಪ್ಪನ ದನಿ ಇರುವುದು ಅದೊಂದರಲ್ಲೇ. ಅದು ಕೇಸು ಮುಗಿಯುವವರೆಗೆ ಅಲ್ಲೇ ಇರಬಹುದು. ಸಾಕಮ್ಮ ಅದನ್ನು ಕೇಳಿಕೊಂಡು ಠಾಣೆ, ಕೋರ್ಟು ಅಂತ ಅಲೆಯುವುದೇ ಒಂದು ಉಪಕಥೆ.

ಕೆಲವು ನಿಯಮ ಕಥೆಗೆ ನೇರವಾಗಿ ಸಿಗುತ್ತವೆ. ಕೊಲೆ ಕೇಸಿನಲ್ಲಿ ಆರೋಪಿ ಬಂಧನದಲ್ಲಿದ್ದು, 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನು ಹಕ್ಕಾಗುತ್ತದೆ. ಅಂದರೆ 91ನೇ ದಿನ ಮರಿಗೌಡ ಬಸ್ಸಿನಿಂದ ಇಳಿದು ಬರಬಹುದು. ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಅವನ ಹೇಳಿಕೆಯಿಂದ ಒಂದು ವಸ್ತು ಸಿಕ್ಕಿದರೆ ಅದಕ್ಕೆ ಸಂಬಂಧಿಸಿದಷ್ಟು ಭಾಗ ಮಾತ್ರ ನಡೆಯುತ್ತದೆ. ಹಾಗಾಗಿ ಠಾಣೆಯಲ್ಲಿ ಅತ್ತು ಒಪ್ಪಿಕೊಂಡ ಕೂಡಲೇ ಕಥೆ ಮುಗಿಸುವ ಹಾಗಿಲ್ಲ.

ಗಂಡ ಹೆಂಡತಿಯ ನಡುವಿನ ಮಾತಿಗೆ ಕಾನೂನಿನಲ್ಲಿ ರಕ್ಷಣೆ ಇದೆ. ಆ ರಾತ್ರಿ ಮರಿಗೌಡ ಜಯಮ್ಮನಿಗೆ ಏನು ಹೇಳಿದ ಅನ್ನುವುದನ್ನು ಅವಳಿಂದ ಕೋರ್ಟಿನಲ್ಲಿ ಬಲವಂತವಾಗಿ ಹೇಳಿಸುವಂತಿಲ್ಲ, ಅವನ ಒಪ್ಪಿಗೆ ಇಲ್ಲದೆ ಅವಳಾಗಿ ಹೇಳುವಂತೆಯೂ ಇಲ್ಲ. ಆದರೆ ಅವಳು ಕಣ್ಣಾರೆ ಕಂಡದ್ದು ಬೇರೆ. ಗುದ್ದಲಿ ತೊಳೆಯುವುದನ್ನು ಕಂಡಿದ್ದರೆ ಅದನ್ನು ಹೇಳಬಹುದು. ಕಂಡದ್ದು ಮತ್ತು ಕೇಳಿದ್ದು ಅನ್ನುವ ಈ ಸಣ್ಣ ಗೆರೆಯ ಮೇಲೆ ಒಬ್ಬ ಹೆಂಗಸಿನ ಇಡೀ ಬಾಳು ನಿಲ್ಲಿಸಬಹುದು.

ಹತ್ತು ವರ್ಷದ ಮನು ಸಾಕ್ಷಿ ಹೇಳಬಹುದಾ? ಹೇಳಬಹುದು. ಕನಿಷ್ಠ ವಯಸ್ಸು ಅಂತ ಇಲ್ಲ. ಪ್ರಶ್ನೆ ಅರ್ಥವಾಗುತ್ತಾ, ಸರಿಯಾಗಿ ಉತ್ತರ ಕೊಡುತ್ತಾನಾ ಅಂತ ನ್ಯಾಯಾಧೀಶರು ನೋಡುತ್ತಾರೆ. ಹಾಗಾದರೆ ಅಮ್ಮ ಅವನನ್ನು ಕಟಕಟೆಗೆ ಕಳಿಸಬೇಕಾ?

ಇನ್ನೊಂದು. ಗುದ್ದಲಿ ಹೇಗಿದ್ದರೂ ಕೈಯಲ್ಲೇ ಇತ್ತು. ಮೊದಲೇ ಯೋಚಿಸಿರದೆ ಹಠಾತ್ ಜಗಳದ ಬಿಸಿಯಲ್ಲಿ ಹೊಡೆದದ್ದಾದರೆ ಅದು ಕಾನೂನಿನ ಲೆಕ್ಕದಲ್ಲಿ ಕೊಲೆ ಆಗದೆ, ಕಡಿಮೆ ಶಿಕ್ಷೆಯ ನರಹತ್ಯೆ ಆಗಬಹುದು. "ಇವತ್ತು ಒಂದು ಕೈ ನೋಡ್ಕತೀನಿ ಅಂತ ಬೆಳಗ್ಗೇನೇ ಅಂದಿದ್ದ" ಅಂತ ನೀರುಗಂಟಿ ಹೇಳುತ್ತಾನೋ ಇಲ್ಲವೋ ಅನ್ನುವುದರ ಮೇಲೆ ಎಷ್ಟೋ ವರ್ಷಗಳ ವ್ಯತ್ಯಾಸ. ನೀರುಗಂಟಿ ನಾಳೆಯೂ ಎರಡೂ ಮನೆಯ ಗದ್ದೆಗೆ ನೀರು ಬಿಡಬೇಕು.

ಆಸ್ತಿಯ ವಿಷಯಕ್ಕೆ ಕೊಲೆ ಮಾಡಿಸುವ ಕಥೆ ಬರೆಯುವವರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಸೆಕ್ಷನ್ ಓದಿ. ಕೊಂದವನಿಗೆ ಸತ್ತವನ ಆಸ್ತಿ ಬರುವುದಿಲ್ಲ.

ಹಂತ 5: ಯಾರ ಕಣ್ಣಿಂದ, ಯಾವ ಮಾತಿನಲ್ಲಿ

ಕೊಲೆಗಾರನ ತಲೆಯೊಳಗೆ ಕೂತು ಬರೆಯುವುದು ಸುಲಭ ಅನಿಸುತ್ತದೆ. ನನಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಎಲ್ಲವನ್ನೂ ಅವನೇ ವಿವರಿಸಿಬಿಡುತ್ತಾನೆ, ಉಳಿದವರು ಹಿಂದೆ ಸರಿಯುತ್ತಾರೆ. ಎರಡು ಅಥವಾ ಮೂರು ಜನರ ಕಣ್ಣು ಸಾಕು. ನಾನಾದರೆ ಸಾಕಮ್ಮ, ಜಯಮ್ಮ, ಕೆಂಪಮ್ಮ ಮೂವರನ್ನು ಇಟ್ಟುಕೊಳ್ಳುತ್ತೇನೆ. ಪ್ರತಿಯೊಬ್ಬರಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ: ಇವಳಿಗೆ ಏನು ಗೊತ್ತು, ಯಾವತ್ತು ಗೊತ್ತಾಯಿತು, ಯಾರಿಗೆ ಹೇಳಿದಳು.

ನಾಲ್ಕನೆಯ ದನಿ ಊರು. ಇದಕ್ಕೆ ಕನ್ನಡದಲ್ಲಿ ಒಂದು ಆಯುಧ ಸಿದ್ಧವಾಗಿದೆ: 'ಅಂತೆ'. ಈ ಮೂರು ಸಾಲು ನೋಡಿ, 'ಅವನ' ಅಂದರೆ ಮರಿಗೌಡನ.

ಶಿವಣ್ಣ ಅವನ ತಾಯಿಗೆ ಬೈದಿರಬೇಕು.
ಶಿವಣ್ಣ ಅವನ ತಾಯಿಗೆ ಬೈದನಂತೆ.
ಶಿವಣ್ಣ ಅವನ ತಾಯಿಗೆ ಬೈದ.

ಮೊದಲ ವಾರ ಊರಿನಲ್ಲಿ ಓಡಾಡುವುದು 'ಬೈದಿರಬೇಕು'. ತಿಥಿ ಊಟದ ಹೊತ್ತಿಗೆ 'ಬೈದನಂತೆ'. ಮೂರು ತಿಂಗಳಿಗೆ 'ಅಂತೆ' ಉದುರಿಹೋಗಿ 'ಬೈದ' ಆಗುತ್ತದೆ. ಯಾರೂ ಹೊಸದಾಗಿ ಏನೂ ಕಂಡಿಲ್ಲ. ಆದರೂ ಊಹೆ ಹೋಗಿ ಊರಿನ ಸತ್ಯ ಹುಟ್ಟಿತು, ತಪ್ಪು ಸತ್ತವನ ತಲೆಗೆ ಬಂತು. ಇದನ್ನು ಬಾಯಿಬಿಟ್ಟು ವಿವರಿಸಬೇಡಿ. ಅಧ್ಯಾಯದಿಂದ ಅಧ್ಯಾಯಕ್ಕೆ ಕ್ರಿಯಾಪದ ಬದಲಾಯಿಸುತ್ತಾ ಹೋಗಿ. ಆಮೇಲೆ ಕೋರ್ಟಿನಲ್ಲಿ ವಕೀಲರು "ನೀವು ಸ್ವತಃ ಕೇಳಿದಿರಾ?" ಅಂದಾಗ ಅದೇ ಮನುಷ್ಯ ತಡವರಿಸಲಿ.

ಎರಡನೆಯ ಆಯುಧ ಕರೆಯುವ ರೀತಿ. ಮನುವಿಗೆ ಮರಿಗೌಡ ದೊಡ್ಡಪ್ಪ. ಕೊಲೆಯ ಮರುದಿನ ಪೊಲೀಸರು "ಯಾರು ಹೊಡೆದದ್ದು ಪುಟ್ಟ?" ಅಂತ ಕೇಳಿದರೆ ಆ ಮಗು ಏನನ್ನುತ್ತದೆ? "ದೊಡ್ಡಪ್ಪ" ಅಂತಲೇ. ಬೇರೆ ಹೆಸರು ಅದಕ್ಕೆ ಗೊತ್ತಿಲ್ಲ. ದೊಡ್ಡವರು ಮೆಲ್ಲಗೆ ಆ ಪದ ಬಿಡಿಸುತ್ತಾರೆ. 'ಆ ಮನೆಯೋರು' ಅಂತ ಕಲಿಸುತ್ತಾರೆ. ವರ್ಷಗಳ ಮೇಲೆ ಮನು ಬಾಯಿತಪ್ಪಿ ಒಮ್ಮೆ "ದೊಡ್ಡಪ್ಪ" ಅಂದುಬಿಟ್ಟರೆ ಆ ಒಂದು ಪದಕ್ಕೆ ಒಂದು ಪುಟದ ಭಾರ ಬರುತ್ತದೆ.

ಹಂತ 6: ಕ್ಯಾಲೆಂಡರ್ ಗೋಡೆಗೆ ಹಾಕಿ

ತನಿಖೆಯ ಗಡಿಯಾರ ಬೇರೆ, ಮನೆಯ ಗಡಿಯಾರ ಬೇರೆ. ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಒಂದು ಬಣ್ಣದಲ್ಲಿ ಬಂಧನ, ಚಾರ್ಜ್‌ಶೀಟ್, ವಾಯಿದೆ. ಇನ್ನೊಂದು ಬಣ್ಣದಲ್ಲಿ ಹಾಲುತುಪ್ಪ, ತಿಥಿ, ಕಬ್ಬು ಕಡಿಯುವುದು, ಚೈತ್ರಳ ಪರೀಕ್ಷೆ, ಮಹಾಲಯ ಅಮಾವಾಸ್ಯೆ, ಮೊದಲ ಯುಗಾದಿ. ಎರಡು ಬಣ್ಣ ಒಂದೇ ದಿನ ಬಿದ್ದ ಕಡೆ ದೃಶ್ಯ ಇದೆ. ಸಾಕ್ಷಿ ಹೇಳಲು ಸಮನ್ಸ್ ಬಂದ ದಿನವೇ ಕಬ್ಬು ಕಡಿಯಲು ಆಳು ಸಿಕ್ಕರೆ ಸಾಕಮ್ಮ ಎಲ್ಲಿಗೆ ಹೋಗಬೇಕು?

ಸೆಷನ್ಸ್ ಕೋರ್ಟಿನ ವಿಚಾರಣೆಗೆ ವರ್ಷಗಳು ಹಿಡಿಯಬಹುದು. ಅಷ್ಟರಲ್ಲಿ ರಾಜಿ ಮಾತು ಶುರುವಾಗುತ್ತದೆ. ಕೊಲೆ ಕೇಸಿನಲ್ಲಿ ಕಾನೂನಿನ ಪ್ರಕಾರ ರಾಜಿ ಇಲ್ಲ. ಕೇಸು ನಡೆಸುವುದು ಸರ್ಕಾರ, ನೊಂದ ಮನೆಯವರು ಬರೀ ಸಾಕ್ಷಿಗಳು. ಆದರೆ ಊರಿನಲ್ಲಿ ರಾಜಿ ಬೇರೆ ದಾರಿಯಲ್ಲಿ ಬರುತ್ತದೆ. ಮುಖಂಡರು ಕೂತು "ಆ ಹತ್ತು ಗುಂಟೆ ಬರೆದುಕೊಡ್ತಾರೆ, ಮಗಳ ಮದುವೆ ಖರ್ಚು ನೋಡ್ಕೋತಾರೆ" ಅನ್ನುತ್ತಾರೆ. ಬದಲಿಗೆ ಸಾಕ್ಷಿಗಳು ಕಟಕಟೆಯಲ್ಲಿ "ನನಗೇನೂ ಗೊತ್ತಿಲ್ಲ ಸ್ವಾಮಿ" ಅನ್ನಬೇಕು. ಉಲ್ಟಾ ಹೊಡೆದ ಸಾಕ್ಷಿಯನ್ನು ಕೇಡಿಗ ಮಾಡುವುದು ಸುಲಭ. ಅವನೂ ಸಾಕಮ್ಮನ ಒಳ್ಳೆಯದಕ್ಕೇ ಸುಳ್ಳು ಹೇಳಿದ ಅಂತ ಮಾಡಿ ನೋಡಿ. ಅಥವಾ ಸಾಕಮ್ಮನೇ ಒಪ್ಪಿಕೊಂಡಳು, ಚೈತ್ರ ಒಪ್ಪಲಿಲ್ಲ. ತಾಯಿ ಮಗಳ ನಡುವೆ ಕೊಲೆ ಮತ್ತೊಮ್ಮೆ ನಡೆಯಿತು.

ಸಂತ್ರಸ್ತರಿಗೆ ಪರಿಹಾರದ ಯೋಜನೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆರೋಪಿ ಬಿಡುಗಡೆಯಾದರೆ ಸಂತ್ರಸ್ತರೇ ಮೇಲ್ಮನವಿ ಹಾಕುವ ಹಕ್ಕು 2009ರ ಡಿಸೆಂಬರ್ ಕೊನೆಯಿಂದ ಇದೆ. ಇವೆಲ್ಲ ಸಾಕಮ್ಮನಿಗೆ ಗೊತ್ತಿರಬೇಕಿಲ್ಲ. ಯಾರು ಹೇಳಿದರು, ಎಷ್ಟು ತಡವಾಗಿ ಹೇಳಿದರು ಅನ್ನುವುದೇ ಕಥೆ.

ಕೊಲೆಗೆ ಜೀವಾವಧಿ ಆದರೆ, ಸರ್ಕಾರ ಶಿಕ್ಷೆ ಕಡಿಮೆ ಮಾಡಿದರೂ, ಕನಿಷ್ಠ 14 ವರ್ಷ ಒಳಗಿರಬೇಕು. ಹದಿನೈದನೇ ವರ್ಷ ಮರಿಗೌಡ ಊರಿಗೆ ಬರುತ್ತಾನೆ ಅಂತಿಟ್ಟುಕೊಳ್ಳಿ. ಮನುವಿಗೆ ಆಗ 25. ನೀರಿನ ಸರದಿ ಈಗ ಮನುವಿನದು. ಬೇಕಾದರೆ ಕಾದಂಬರಿಯನ್ನು ಇಲ್ಲಿಂದಲೇ ಶುರು ಮಾಡಬಹುದು.

ಹಂತ 7: ಭಾವನೆಯ ಹೆಸರು ಹೊಡೆದುಹಾಕಿ

ಶಿವಣ್ಣನ ಕಥೆಯ ನನ್ನ ಮೊದಲ ಕರಡಿನಲ್ಲಿ ಇಂಥ ಸಾಲುಗಳಿದ್ದವು: "ಊರು ಆ ಎರಡೂ ಮನೆಗಳನ್ನು ದೂರ ಇಟ್ಟಿತ್ತು. ಚೈತ್ರಳ ಮನಸ್ಸು ನೋವಿನಿಂದ ತುಂಬಿತ್ತು." ಓದುಗನಿಗೆ ಏನೂ ಕಾಣುವುದಿಲ್ಲ, ಅಲ್ವಾ? ಅದೇ ವಿಷಯವನ್ನು ಡೈರಿಗೆ ಕರೆದುಕೊಂಡು ಹೋದಾಗ ಹೀಗಾಯಿತು:

ಹನ್ನೆರಡನೇ ದಿನ ಚೈತ್ರ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಳು. ಮಾತಾಡುತ್ತಿದ್ದವರು ಸುಮ್ಮನಾದರು. ಆಮೇಲೆ ಯಾರೋ ಮಳೆಯ ವಿಷಯ ತೆಗೆದರು. ಸೆಕ್ರೆಟರಿ ಹಾಲು ಅಳೆದ. ಪುಸ್ತಕದಲ್ಲಿ ಅಪ್ಪನ ಹೆಸರಿದ್ದ ಸಾಲಿನ ಮೇಲೆ ಅವನ ಪೆನ್ನು ಒಂದು ಗಳಿಗೆ ನಿಂತಿತು.

"ಮೂರು ಲೀಟ್ರು ಇನ್ನೂರು. ಯಾವಾಗ್ಲೂ ಐದು ಬತ್ತಿತ್ತು."

"ಅವ್ವಂಗೆ ಹಾಲು ಕೊಡ್ತಿಲ್ಲ ಹಸ."

ಹಿಂದೆ ಬಳೆಯ ಸದ್ದಾಯಿತು. ಚೈತ್ರ ತಿರುಗಲಿಲ್ಲ. ಆ ಬಳೆ ಅವಳಿಗೆ ಗೊತ್ತು. ಜಯಮ್ಮ ಸಾಲಿನ ಕೊನೆಯಲ್ಲಿ ನಿಂತು, ಯಾರಿಗೂ ಅಲ್ಲ ಅನ್ನುವ ಹಾಗೆ, ನೆಲ ನೋಡಿಕೊಂಡು ಹೇಳಿದಳು: "ಕೆಚ್ಚಲಿಗೆ ವಸಿ ಬಿಸ್ನೀರು ಆಕಿ ತೊಳುದ್ರೆ ಕೊಡ್ತದೆ."

ಚೈತ್ರ ಕ್ಯಾನ್ ಎತ್ತಿಕೊಂಡು ಹೊರಟಳು. ಮಾರನೇ ದಿನ ನಾಲ್ಕು ಲೀಟರ್ ಬಂತು.

ನೋವು, ಕೋಪ, ಒಂಟಿತನ ಅನ್ನುವ ಪದಗಳನ್ನು ಹಸ್ತಪ್ರತಿಯಲ್ಲಿ ಹುಡುಕಿ ಗುರುತು ಹಾಕಿ. ಪ್ರತಿ ಗುರುತಿನ ಕಡೆ ಒಂದು ವಸ್ತು ಅಥವಾ ಒಂದು ಕೆಲಸ ಇಡಲು ಆಗುತ್ತದಾ ನೋಡಿ. ಎಲ್ಲ ಕಡೆ ಆಗುವುದಿಲ್ಲ. ಅರ್ಧಕ್ಕೆ ಆದರೂ ಪುಸ್ತಕ ಬೇರೆಯೇ ಆಗುತ್ತದೆ.

ಹಂತ 8: ನಿಜವಾದ ಮನೆಗಳ ಮೇಲೆ ಕೈ ಹಾಕುವಾಗ

ಪೇಪರಿನಲ್ಲಿ ಬಂದ ಕೇಸಿನಿಂದ ಕಥೆ ಹುಟ್ಟುವುದು ಸಹಜ. ಆದರೆ ಊರು, ಹೆಸರು, ಕಸುಬು, ಮಕ್ಕಳ ಸಂಖ್ಯೆ, ಕೊಲೆಯಾದ ರೀತಿ, ಎಲ್ಲವನ್ನೂ ಬದಲಾಯಿಸಿ. ಆ ಮನೆಯ ಹುಡುಗಿ ಒಂದು ದಿನ ನಿಮ್ಮ ಪುಸ್ತಕ ಓದುತ್ತಾಳೆ ಅಂದುಕೊಂಡೇ ಬರೆಯಿರಿ. ಜಾತಿಯ ಕಾರಣಕ್ಕೆ ನಡೆದ ಕೊಲೆ ಬರೆಯುವುದಾದರೆ ಅದನ್ನು ಕೊನೆಯ ತಿರುವಾಗಿ ಬಚ್ಚಿಡಬೇಡಿ. ಊರಿನಲ್ಲಿ ಅದು ಎಲ್ಲರಿಗೂ ಮೊದಲ ದಿನವೇ ಗೊತ್ತಿರುತ್ತದೆ. ಓದುಗನಿಂದ ಮಾತ್ರ ಮುಚ್ಚಿಟ್ಟರೆ ಅದು ಮೋಸ.

ಗಾಯದ ವರ್ಣನೆ ಒಂದು ಸಲ ಸಾಕು. ಅದೂ ಹೆಣ ನೋಡಿದವರ ಮುಖದಲ್ಲಿ ಕಂಡರೆ ಇನ್ನೂ ಒಳ್ಳೆಯದು.

ಹಂತ 9: ತಿದ್ದುವಾಗ

ಮೊದಲ ಕರಡು ಮುಗಿದ ಮೇಲೆ ಒಂದು ತಿಂಗಳು ಬಿಡಿ. ಆಮೇಲೆ ಪೊಲೀಸರು ಬರುವ ದೃಶ್ಯಗಳನ್ನೆಲ್ಲ ಪಕ್ಕಕ್ಕೆ ತೆಗೆದಿಟ್ಟು ಉಳಿದದ್ದನ್ನು ಮಾತ್ರ ಓದಿ. ಕಥೆ ನಿಂತರೆ ಸರಿ. ಕುಸಿದರೆ ನೀವು ಇನ್ನೂ ಇನ್‌ಸ್ಪೆಕ್ಟರ್ ಕಥೆಯನ್ನೇ ಬರೆದಿದ್ದೀರಿ.

ಸಂಭಾಷಣೆಯನ್ನು ಜೋರಾಗಿ ಓದಿ, ಆ ಸೀಮೆಯವರೊಬ್ಬರಿಗೆ ಕೇಳಿಸಿ. ಮಂಡ್ಯದ ಮಾತು ತುಮಕೂರಿನದಲ್ಲ. ಒಬ್ಬ ವಕೀಲರಿಗೆ ಕೋರ್ಟಿನ ಭಾಗ ತೋರಿಸಿ. ಅವರು ನಗುವ ಜಾಗದಲ್ಲಿ ತಪ್ಪು ಇರುತ್ತದೆ.

ಕೊನೆಗೆ ಮೊದಲ ಹಂತದ ಆ ಇಪ್ಪತ್ತು ಸಾಲಿನ ಪಟ್ಟಿ ತೆಗೆಯಿರಿ. ಪಂಪ್‌ಸೆಟ್ ಹಿಂದಕ್ಕೆ ಹೋಯಿತಾ? ಚೀಟಿಯ ಏಳು ಕಂತು ಯಾರು ಕಟ್ಟಿದರು? ಬೈಕ್ ಮಾರಿದರಾ, ಚೈತ್ರ ಓಡಿಸುವುದು ಕಲಿತಳಾ? ಪ್ರತಿ ಸಾಲಿನ ಮುಂದೆ ಪುಟದ ಸಂಖ್ಯೆ ಬರೆಯಿರಿ. ಸಂಖ್ಯೆ ಇಲ್ಲದ ಸಾಲು ಅಂದರೆ ನೀವು ಮರೆತ ಸಾಲು.

ನನ್ನ ಎರಡನೇ ಕರಡಿನಲ್ಲಿ ಹಸು 40ನೇ ಪುಟದ ಮೇಲೆ ಕಾಣೆಯಾಗಿತ್ತು. ಅದನ್ನು ಹಿಡಿದದ್ದೂ ಅತ್ತಿಗೆಯೇ.